ಉದುರಿದ ಹಲ್ಲು, ಊದಿದ ದವಡೆ

ಮೇಲ್ದವಡೆಯ ಹಲ್ಲು ಅಲುಗಾಡುತ್ತಿದ್ದರೂ ಕೀಳಬೇಡ ಎಂದು ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನ ವೈದ್ಯನಿಗೆ ಎಚ್ಚರಿಕೆ ಕೊಡುತ್ತದೆ. ಕಿತ್ತರೆ ರಕ್ತ ನಿಲ್ಲದೆ ಹೋದೀತು, ಕಣ್ಣು ಹೋದೀತು, ಮುಖ ಸೊಟ್ಟಗಾದೀತು ಎಂಬುದು ಅಲ್ಲಿ ಕೊಟ್ಟಿರುವ ಕಾರಣ. ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತು ಎಂದು ಬೀಗುವುದಕ್ಕೆ ಇದನ್ನು ಹೇಳುತ್ತಿಲ್ಲ. ಆದರೆ ಮೇಲಿನ ಹಲ್ಲಿನ ಸೋಂಕು ರಕ್ತನಾಳಗಳ ದಾರಿ ಹಿಡಿದು ಕಣ್ಣಿನ ಹಿಂದಕ್ಕೆ, ಮಿದುಳಿನ ಬುಡಕ್ಕೆ ಏರಬಲ್ಲದು ಎಂಬುದನ್ನು ಇವತ್ತಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಹಲ್ಲು ಜೀವಕ್ಕೆ ಸಂಚಕಾರ ತಂದೀತು ಎಂಬ ಭಯ ಬಹಳ ಹಳೆಯದು. ಯಾವ ಹಲ್ಲುನೋವಿಗೆ ಹೆದರಬೇಕು, ಯಾವುದಕ್ಕೆ ಬೇಡ ಎಂಬ ವಿವೇಕ ಮೂಡಿದ್ದು ಮಾತ್ರ ಈಚೆಗೆ.

17ನೇ ಶತಮಾನದ ಲಂಡನ್ನಿನಲ್ಲಿ ವಾರವಾರವೂ ಅಚ್ಚಾಗುತ್ತಿದ್ದ ಸಾವಿನ ಪಟ್ಟಿಗಳಲ್ಲಿ ಪ್ಲೇಗು, ಕ್ಷಯಗಳ ಸಾಲಿನಲ್ಲೇ ‘ಹಲ್ಲು’ ಎಂಬುದೂ ಒಂದು ಕಾರಣವಾಗಿ ಕಾಣುತ್ತದೆ. ಹಲ್ಲು ಮೂಡುವ ವಯಸ್ಸಿನಲ್ಲಿ ಬೇರೇನೋ ಕಾಯಿಲೆಯಿಂದ ತೀರಿಕೊಂಡ ಕೂಸುಗಳನ್ನೂ ಅದೇ ಲೆಕ್ಕಕ್ಕೆ ಸೇರಿಸುತ್ತಿದ್ದರು. ಹಾಗಾಗಿ ಆ ಅಂಕಿಗಳನ್ನು ಪೂರ್ತಿ ನಂಬುವಂತಿಲ್ಲ. ಹಲ್ಲನ್ನು ಹುಳ ತಿನ್ನುತ್ತದೆ ಎಂಬ ನಂಬಿಕೆಯೂ ಲೋಕದ ತುಂಬ ಇತ್ತು. ಫ್ರಾನ್ಸಿನ ದಂತವೈದ್ಯ ಪಿಯೆರ್ ಫೋಶಾರ್ 1728ರ ತನ್ನ ದೊಡ್ಡ ಗ್ರಂಥದಲ್ಲಿ, ಅಂಥ ಹುಳ ತನ್ನ ಕಣ್ಣಿಗೆ ಬಿದ್ದಿಲ್ಲ ಎಂದು ಅದನ್ನು ತಳ್ಳಿಹಾಕಿದ. ನಮ್ಮ ಹಳ್ಳಿಗಳಲ್ಲಿ ಗುಳ್ಳದ ಬೀಜದ ಹೊಗೆ ಹಾಕಿ ಹುಳ ಉದುರಿಸುವವರು ಅವನಾದ ಮೇಲೂ ಬಹುಕಾಲ ಇದ್ದರು.

ನೋವನ್ನು ಕೊಲ್ಲುವ ಕಥೆ ಎಲ್ಲರಿಗೂ ಗೊತ್ತಿರುವುದೇ. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ನಗೆ ಅನಿಲ ಸೇದಿ ತನ್ನದೇ ಹಲ್ಲು ಕೀಳಿಸಿಕೊಂಡ. ಎರಡು ವರ್ಷಗಳ ನಂತರ ಇನ್ನೊಬ್ಬ ದಂತವೈದ್ಯ ಮಾರ್ಟನ್ ಬೋಸ್ಟನ್ನಿನಲ್ಲಿ ಈಥರ್ ಬಳಸಿ ತೋರಿಸಿದ. 1884ರಲ್ಲಿ ಕೊಕೇನ್, 20ನೇ ಶತಮಾನದ ಆರಂಭದಲ್ಲಿ ಪ್ರೊಕೇನ್, 1940ರ ದಶಕದಲ್ಲಿ ಸ್ವೀಡನ್ನಿನ ಲಿಡೊಕೇನ್ ಬಂದವು. ಇವತ್ತು ಕುರ್ಚಿಯಲ್ಲಿ ಕೂತವರಿಗೆ ಚುಚ್ಚುವುದು ಬಹುಪಾಲು ಈ ಕೊನೆಯದನ್ನೇ. ಇಷ್ಟೆಲ್ಲ ಉಪಕಾರದ ಜೊತೆಗೇ ಒಂದು ತಪ್ಪು ತಿಳಿವಳಿಕೆಯೂ ಬೇರೂರಿತು: ನೋವು ಹೋದರೆ ತೊಂದರೆ ಹೋಯಿತು ಎಂಬುದು. ಹಲ್ಲಿನ ಒಳಗಿನ ನರ ಸತ್ತಾಗಲೂ ನೋವು ನಿಲ್ಲುತ್ತದೆ. ಎರಡು ರಾತ್ರಿ ನಿದ್ದೆಗೆಡಿಸಿದ್ದು ಮೂರನೆಯ ದಿನ ಸುಮ್ಮನಾದರೆ ಲವಂಗ ಕೆಲಸ ಮಾಡಿತು ಎಂದುಕೊಳ್ಳುತ್ತೇವೆ. ಬೇರಿನ ತುದಿಯಲ್ಲಿ ಕೀವು ಕಟ್ಟಲು ಶುರುವಾಗುವುದು ಆಮೇಲೆ.

ಆ ಕೀವು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಬೆಳಕು ಬಿದ್ದದ್ದು 1836ರಲ್ಲಿ. ಜರ್ಮನಿಯ ಸ್ಟುಟ್‌ಗಾರ್ಟ್‌ನ ವೈದ್ಯ ಲುಡ್ವಿಗ್ ಐವರು ರೋಗಿಗಳ ಬಗ್ಗೆ ಬರೆದ. ಗದ್ದದ ಕೆಳಗೆ ಮರದಂತೆ ಗಟ್ಟಿಯಾದ ಬಾವು, ನುಂಗಲಾಗದ ಗಂಟಲು, ಬೇಗನೆ ಬರುವ ಸಾವು. ಆ ಕಾಯಿಲೆಗೆ ಈಗಲೂ ಅವನದೇ ಹೆಸರು. ಬಹುತೇಕ ಪ್ರಕರಣಗಳ ಮೂಲ ಕೆಳದವಡೆಯ ಎರಡನೆಯ ಅಥವಾ ಮೂರನೆಯ ದವಡೆಹಲ್ಲು ಎಂಬುದು ನಂತರ ಸ್ಪಷ್ಟವಾಯಿತು. ಈ ಹಲ್ಲುಗಳ ಬೇರು ನಾಲಿಗೆಯ ಕೆಳಗಿನ ಸ್ನಾಯುವಿಗಿಂತಲೂ ಕೆಳಕ್ಕೆ ಇಳಿದಿರುತ್ತದೆ. ಕೀವು ಒಡೆದರೆ ಬಾಯೊಳಗೆ ಬರುವ ಬದಲು ಕುತ್ತಿಗೆಗೆ ಇಳಿಯುತ್ತದೆ, ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ತಳ್ಳುತ್ತದೆ, ಉಸಿರಿನ ದಾರಿ ಮುಚ್ಚುತ್ತದೆ. ಸಾಯುವುದು ನೋವಿನಿಂದಲ್ಲ, ಉಸಿರುಕಟ್ಟಿ.

ಪೆನಿಸಿಲಿನ್ ಬಂದು ಇದೆಲ್ಲವನ್ನೂ ಗೆದ್ದಿತು ಎಂಬುದು ಸಾಮಾನ್ಯ ಗ್ರಹಿಕೆ. ನಡೆದದ್ದು ಹಾಗಲ್ಲ. 1940ರಲ್ಲಿ ವಿಲಿಯಮ್ಸ್ ಎಂಬ ವೈದ್ಯರು ವರದಿ ಮಾಡಿದ ಇಂಥ ರೋಗಿಗಳಲ್ಲಿ ನೂರಕ್ಕೆ 54 ಮಂದಿ ಸತ್ತಿದ್ದರು. ಮೂರೇ ವರ್ಷಗಳ ಮೇಲೆ ಅವರು ಗುರಾಲ್ನಿಕ್ ಜೊತೆ ಪ್ರಕಟಿಸಿದ 20 ಪ್ರಕರಣಗಳಲ್ಲಿ ಸಾವಿನ ಪ್ರಮಾಣ ಶೇಕಡ 10ಕ್ಕೆ ಇಳಿದಿತ್ತು. ಆಗಿನ್ನೂ ಪೆನಿಸಿಲಿನ್ ಸಾಮಾನ್ಯರ ಕೈಗೆ ಎಟುಕಿರಲಿಲ್ಲ. ಬದಲಾದದ್ದು ಇಷ್ಟೆ: ತಡಮಾಡದೆ ಉಸಿರಿಗೆ ದಾರಿ ಮಾಡಿಕೊಟ್ಟರು, ತಡಮಾಡದೆ ಬಾವು ಕೊಯ್ದು ಹರಿಯಲು ಬಿಟ್ಟರು. ಮದ್ದು ಬಂದ ಮೇಲೆ ಈ ಪಾಠ ಮಸುಕಾಯಿತೆಂದೇ ನನ್ನ ಅನಿಸಿಕೆ. ಮೆಡಿಕಲ್ ಶಾಪಿಗೆ ಹೋಗಿ ‘ಹಲ್ಲುನೋವಿಗೆ ಏನಾದರೂ ಕೊಡಿ’ ಎಂದರೆ ಸಿಗುವ ನಾಲ್ಕು ಆಂಟಿಬಯಾಟಿಕ್ ಕ್ಯಾಪ್ಸೂಲು, ಎರಡು ನೋವಿನ ಮಾತ್ರೆ ಅದೇ ಮರೆವಿನ ಮುಂದುವರಿಕೆ. ಸತ್ತ ಹಲ್ಲಿನ ಒಳಕ್ಕೆ ರಕ್ತವೇ ಹರಿಯದಿರುವಾಗ ರಕ್ತದಲ್ಲಿರುವ ಮದ್ದು ಅಲ್ಲಿಗೆ ತಲುಪುವುದಾದರೂ ಹೇಗೆ? ಅಮೆರಿಕದ ದಂತವೈದ್ಯ ಸಂಘ 2019ರ ಮಾರ್ಗಸೂಚಿಯಲ್ಲಿ, ಬಾವು ಹರಡದ, ಜ್ವರವಿಲ್ಲದ ಹೆಚ್ಚಿನ ಹಲ್ಲುನೋವುಗಳಿಗೆ ಆಂಟಿಬಯಾಟಿಕ್ ಬೇಡ, ಹಲ್ಲಿಗೇ ಚಿಕಿತ್ಸೆ ಮಾಡಿ ಎಂದಿತು. ಅದೇ ದೇಶದ ಮೇರಿಲ್ಯಾಂಡಿನಲ್ಲಿ 2007ರಲ್ಲಿ 12 ವರ್ಷದ ಹುಡುಗನೊಬ್ಬ ಹುಳುಕು ಹಲ್ಲಿನ ಸೋಂಕು ಮಿದುಳಿಗೆ ಏರಿ ತೀರಿಕೊಂಡಿದ್ದ. ಸುಮಾರು 80 ಡಾಲರಿನಲ್ಲಿ ಕೀಳಬಹುದಾಗಿದ್ದ ಹಲ್ಲು ಅದು.

ಹಾಗಾದರೆ ಯಾವಾಗ ಓಡಬೇಕು? ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ, ಊತ ಗದ್ದ ದಾಟಿ ಕುತ್ತಿಗೆಗೆ ಇಳಿದರೆ, ಜೊಲ್ಲು ನುಂಗಲಾಗದೆ ಸುರಿಯುತ್ತಿದ್ದರೆ, ಮಾತು ಬಾಯಲ್ಲಿ ಏನೋ ಇಟ್ಟುಕೊಂಡಂತೆ ಕೇಳಿಸಿದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ ಹೋಗಬೇಕಾದದ್ದು ದಂತ ಕ್ಲಿನಿಕ್ಕಿಗಲ್ಲ, ಅರಿವಳಿಕೆ ವೈದ್ಯರಿರುವ ದೊಡ್ಡ ಆಸ್ಪತ್ರೆಗೆ, ಅದೂ ಆ ರಾತ್ರಿಯೇ. ಸಕ್ಕರೆ ಕಾಯಿಲೆಯವರು ಇನ್ನಷ್ಟು ಬೇಗ. ಊದಿದ ಕೆನ್ನೆಗೆ ಬಿಸಿ ಶಾಖ ಕೊಡುವ ಅಭ್ಯಾಸವನ್ನೂ ಬಿಡಬೇಕು. ಇನ್ನೊಂದು ಮಾತು: ಮೆಟ್ಟಿಲು ಹತ್ತಿದಾಗ ಬಂದು ಕೂತರೆ ಹೋಗುವ ಕೆಳದವಡೆಯ ನೋವು ಹಲ್ಲಿನದ್ದಲ್ಲದಿರಬಹುದು, ಹೃದಯದ್ದಿರಬಹುದು. ಹಲ್ಲು ಕಿತ್ತಮೇಲೆ ಸುರಿಯುವ ರಕ್ತ ಮಾತ್ರ ಕಾಣುವುದಕ್ಕಷ್ಟೇ ಭಯಂಕರ. ಶುಭ್ರವಾದ ಬಟ್ಟೆಯನ್ನು ಮಡಿಸಿ ಅರ್ಧ ಗಂಟೆ ಬಿಗಿಯಾಗಿ ಕಚ್ಚಿಕೊಂಡು, ಉಗುಳದೆ, ಮುಕ್ಕಳಿಸದೆ ಕೂತರೆ ಸಾಮಾನ್ಯವಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ವೈದ್ಯರ ಬಳಿ ಹೋಗಲೇಬೇಕು.

ಪೆಟ್ಟುಬಿದ್ದು ಬುಡಸಮೇತ ಉದುರಿದ ಹಲ್ಲಿನದು ಬೇರೆಯೇ ಚರಿತ್ರೆ. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೇನಿನಲ್ಲಿದ್ದ ಅರಬ್ ಶಸ್ತ್ರವೈದ್ಯ ಅಲ್ ಜಹ್ರಾವಿ ಉದುರಿದ ಹಲ್ಲನ್ನು ಮತ್ತೆ ಕೂರಿಸಿ ಚಿನ್ನದ ತಂತಿಯಿಂದ ಕಟ್ಟುವುದನ್ನು ಬರೆದಿದ್ದ. 18ನೇ ಶತಮಾನದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಮನುಷ್ಯನ ಹಲ್ಲನ್ನು ಹುಂಜದ ಜುಟ್ಟಿನಲ್ಲಿ ನೆಟ್ಟು ನೋಡಿದ. ಅದೇ ಕಾಲದಲ್ಲಿ ಸಿರಿವಂತರು ಬಡವರ ಹಲ್ಲು ಕೊಂಡು ತಮ್ಮ ಬಾಯಿಗೆ ಕೂರಿಸಿಕೊಳ್ಳುವ ಹೇಸಿಗೆಯೂ ನಡೆಯಿತು. ಕೂರಿಸಿದ್ದು ಕೆಲವರಿಗೆ ಏಕೆ ನಿಲ್ಲುತ್ತದೆ, ಕೆಲವರಿಗೆ ಏಕೆ ಕರಗಿಹೋಗುತ್ತದೆ ಎಂಬುದು ಯಾರಿಗೂ ಬಗೆಹರಿಯಲಿಲ್ಲ. ಉತ್ತರ ಸಿಕ್ಕಿದ್ದು ಡೆನ್ಮಾರ್ಕಿನ ಜೆನ್ಸ್ ಆಂಡ್ರೀಸೆನ್ ಮತ್ತು ಅವರ ಸಹೋದ್ಯೋಗಿ 1966ರಲ್ಲಿ ಪ್ರಕಟಿಸಿದ 110 ಹಲ್ಲುಗಳ ಅಧ್ಯಯನದಲ್ಲಿ. ಅರ್ಧ ಗಂಟೆಯೊಳಗೆ ಕೂರಿಸಿದವುಗಳಲ್ಲಿ ಶೇಕಡ 90ರಷ್ಟರ ಬೇರು ಕರಗಲಿಲ್ಲ. ಎರಡು ಗಂಟೆ ಮೀರಿದವುಗಳಲ್ಲಿ ಶೇಕಡ 95ರಷ್ಟು ಕರಗಿದವು. ವೈದ್ಯರ ಕೈಚಳಕಕ್ಕಿಂತ ಗಡಿಯಾರ ದೊಡ್ಡದಾಯಿತು.

ಕಾರಣ ಬೇರಿನ ಮೇಲಿನ ತೆಳು ಪೊರೆ. ಹಲ್ಲನ್ನು ಮೂಳೆಗೆ ಹಿಡಿದಿಡುವ ನಾರುಗಳ ಅರ್ಧ ಭಾಗ ಉದುರಿದ ಹಲ್ಲಿಗೇ ಅಂಟಿಕೊಂಡು ಬಂದಿರುತ್ತದೆ. ಅದರ ಜೀವಕೋಶಗಳು ಗಾಳಿಗೆ ಒಣಗಿ ಸಾಯುತ್ತವೆ. ಒಂದು ಗಂಟೆ ಒಣಗಿದರೆ ಆಸೆ ಬಿಟ್ಟಂತೆಯೇ. ಕಬಡ್ಡಿ ಅಂಕಣದಲ್ಲಿ ಬಿದ್ದ ಹುಡುಗನ ಹಲ್ಲನ್ನು ಎತ್ತಿಕೊಂಡ ಗೆಳೆಯರು ಮಾಡುವುದನ್ನು ಯೋಚಿಸಿ: ನಲ್ಲಿಯ ಕೆಳಗೆ ಹಿಡಿದು ಮಣ್ಣು ಹೋಗುವ ತನಕ ಬೆರಳಿನಿಂದ ಉಜ್ಜುತ್ತಾರೆ, ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕುತ್ತಾರೆ. ಉಜ್ಜುವಾಗ ಅರ್ಧ ಪೊರೆ ಹೋಯಿತು, ಕರ್ಚೀಫು ಉಳಿದದ್ದನ್ನು ಹೀರಿತು. ಮಾಡಬೇಕಾದದ್ದು ಬೇರೆ. ಬಿಳಿಯ ಭಾಗವನ್ನಷ್ಟೇ ಹಿಡಿಯಬೇಕು, ಹಾಲಿನಲ್ಲೋ ಸಲೈನಿನಲ್ಲೋ ಅವನದೇ ಜೊಲ್ಲಿನಲ್ಲೋ ಒಮ್ಮೆ ಅದ್ದಿ ತೆಗೆದು ಗುಳಿಗೆ ವಾಪಸು ಒತ್ತಬೇಕು, ಬಟ್ಟೆ ಕಚ್ಚಿಸಿ ದಂತವೈದ್ಯರಲ್ಲಿಗೆ ಕರೆದೊಯ್ಯಬೇಕು. ಅಷ್ಟು ಧೈರ್ಯವಿಲ್ಲದಿದ್ದರೆ ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ಒಯ್ಯಬೇಕು. ಹಾಲುಹಲ್ಲನ್ನು ಮಾತ್ರ ಮತ್ತೆ ಕೂರಿಸುವಂತಿಲ್ಲ. ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ.

ಹಾಲು ಈ ಕಥೆಗೆ ಬಂದದ್ದು 1980ರ ದಶಕದ ಆರಂಭದಲ್ಲಿ, ಸ್ವೀಡನ್ನಿನ ಪ್ರಯೋಗಾಲಯಗಳಿಂದ. ಕಟ್ಟುವ ಕ್ರಮವೂ ಬದಲಾಯಿತು. ಹಿಂದೆ ಅಲ್ಲಾಡದಂತೆ ವಾರಗಟ್ಟಲೆ ಬಿಗಿಯುತ್ತಿದ್ದರು. ಹಾಗೆ ಮಾಡಿದರೆ ಬೇರು ಮೂಳೆಗೇ ಬೆಸೆದುಕೊಳ್ಳುತ್ತದೆ ಎಂದು ತಿಳಿದ ಮೇಲೆ ಈಗ ಬಳುಕುವ ತಂತಿ, ಎರಡೇ ವಾರ. ಅಂತರರಾಷ್ಟ್ರೀಯ ದಂತಾಘಾತ ಸಂಘದ 2020ರ ಪರಿಷ್ಕೃತ ಮಾರ್ಗಸೂಚಿ ಇದನ್ನೇ ಹೇಳುತ್ತದೆ. 2008ರಲ್ಲಿ ಚೆನ್ನೈನ ಸಂಶೋಧಕರು ಎಳನೀರು ಹಾಲಿಗಿಂತ ವಾಸಿ ಎಂದಾಗ ಇಲ್ಲಿ ಬಹಳ ಮಂದಿಗೆ ಖುಷಿಯಾಯಿತು. ಬ್ರೆಜಿಲ್‌ನವರು ಅದರ ಹುಳಿ ಗುಣ ಜೀವಕೋಶಗಳಿಗೆ ಆಗದು ಎಂದರು. ವಾದ ಮುಗಿದಿಲ್ಲ. ಅಲ್ಲಿಯವರೆಗೆ ಅಂಗಡಿಯ ಫ್ರಿಜ್ಜಿನ ಪ್ಯಾಕೆಟ್ ಹಾಲೇ ಸಾಕು.

ತುರ್ತು ಯಾವುದು, ಯಾವುದಲ್ಲ ಎಂದು ವೃತ್ತಿಯವರೇ ಕೂತು ಗೆರೆ ಎಳೆಯುವಂತೆ ಮಾಡಿದ್ದು 2020ರ ಕೊರೋನಾ. ಕ್ಲಿನಿಕ್ಕುಗಳು ಮುಚ್ಚಿದಾಗ ಅಮೆರಿಕದ ದಂತವೈದ್ಯ ಸಂಘದ ಪಟ್ಟಿಯ ತುದಿಯಲ್ಲಿ ನಿಂತವು ಮೂರೇ: ನಿಲ್ಲದ ರಕ್ತ, ಉಸಿರಿಗೆ ಅಡ್ಡಬರುವ ಬಾವು, ಉಸಿರಿಗೆ ಅಡ್ಡಬರುವ ಮುಖದ ಮೂಳೆಮುರಿತ. ತೀವ್ರ ಹಲ್ಲುನೋವು, ಉದುರಿದ ಹಲ್ಲು ಎರಡನೆಯ ಸಾಲಿಗೆ ಸರಿದವು.

ಕರ್ನಾಟಕದಲ್ಲಿ ದಂತವೈದ್ಯರಿಗೆ ಬರವಿಲ್ಲ, ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಆದರೆ ಮೊದಲ ಅರ್ಧ ಗಂಟೆಯಲ್ಲಿ ಹಲ್ಲು ಇರುವುದು ದೈಹಿಕ ಶಿಕ್ಷಕರ ಕೈಯಲ್ಲಿ. 2013ರಿಂದ ಕ್ಷೀರಭಾಗ್ಯದ ಹಾಲು ಸರ್ಕಾರಿ ಶಾಲೆಗಳಿಗೆ ಬರುತ್ತಿದೆ. ಬಿಸಿ ಮಾಡಿ ಸಕ್ಕರೆ ಬೆರೆಸಿದ್ದು ಹಲ್ಲಿಗೆ ಆಗದು, ಆ ಹಾಲಿನ ಪುಡಿಯನ್ನು ತಣ್ಣೀರಿಗೆ ಕದಡಿ ಇಡಬಹುದೇ ಎಂದು ಇಲ್ಲಿನ ಯಾವುದಾದರೂ ಕಾಲೇಜು ಪರೀಕ್ಷಿಸಿ ನೋಡಬಹುದು.