ಯೆರವಡಾದ ಪೆಟ್ಟಿಗೆ ಚರಕ ಮತ್ತು ತರಗತಿಯ ಲೆಕ್ಕ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಯೆರವಡಾ ಎಂದೊಡನೆ ನೆನಪಾಗುವುದು ಅಲ್ಲಿಯ ಕಾರಾಗೃಹ; ಅದರ ಹಿಂದೆಯೇ 1932ರ ಗಾಂಧೀಜಿಯವರ ಉಪವಾಸ ಮತ್ತು ಪುಣೆ ಒಪ್ಪಂದ. ಅದೇ ಗೋಡೆಗಳ ನಡುವೆ ಮೊಳೆತ ಇನ್ನೊಂದು ಚರಿತ್ರೆಯನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಅದು ಕಲಿಕೆಯ ಉಪಕರಣದ ಚರಿತ್ರೆ. ಮಗುವಿನ ಕೈಗೆ ಎಂತಹ ಯಂತ್ರವನ್ನು ಕೊಡಬೇಕು, ಅದರಿಂದ ಯಾವ ಪಾಠ ಹೊರಡಬೇಕು, ಕಲಿತದ್ದನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗಳು ಗಣಕಯಂತ್ರದೊಡನೆ ಹುಟ್ಟಿದವಲ್ಲ.

1922ರಲ್ಲಿ ಆರು ವರ್ಷಗಳ ಶಿಕ್ಷೆ ಹೊತ್ತು ಯೆರವಡಾಕ್ಕೆ ಬಂದ ಗಾಂಧೀಜಿ ಅಲ್ಲಿ ಗುಜರಾತಿಯಲ್ಲಿ ಒಂದು ಬಾಲಪೋಥಿಯನ್ನು ಬರೆದರು. ತಾಯಿ ಮಗುವಿಗೆ ಕಲಿಸುವ ರೀತಿಯ ಆ ಪುಟ್ಟ ಪುಸ್ತಕದಲ್ಲಿ ಮನೆಯ ದಿನಚರಿಯೇ ಪಾಠ. ಅದು ಅಚ್ಚಾದದ್ದು ಅವರ ಮರಣಾನಂತರ. ಆದರೆ ಮಾಡುವ ಕೆಲಸದಿಂದಲೇ ಅರಿವು ಮೂಡಬೇಕೆಂಬ ಅದರ ಎಳೆ ಮುಂದೆ ದೊಡ್ಡದಾಯಿತು.

1929ರಲ್ಲಿ ಅಖಿಲ ಭಾರತ ಚರಕ ಸಂಘವು ಉತ್ತಮ ಚರಕವೊಂದನ್ನು ರೂಪಿಸಿದವರಿಗೆ ಒಂದು ಲಕ್ಷ ರೂಪಾಯಿಯ ಬಹುಮಾನ ಸಾರಿತು. ಎಂಟು ಗಂಟೆಯ ದುಡಿಮೆಯಲ್ಲಿ 12ರಿಂದ 20ನೆಯ ನಂಬರಿನ 16,000 ಅಡಿ ನೂಲು ಬರಬೇಕು, ಬೆಲೆ 150 ರೂಪಾಯಿ ಮೀರಬಾರದು, ಹಳ್ಳಿಯ ಹೆಂಗಸು ಆಯಾಸವಿಲ್ಲದೆ ನಡೆಸುವಂತಿರಬೇಕು ಎಂಬುವು ಅದರ ಷರತ್ತುಗಳಲ್ಲಿ ಕೆಲವು. ಬಹುಮಾನ ಯಾರಿಗೂ ಸಲ್ಲಲಿಲ್ಲ. ಮರುವರ್ಷ ಉಪ್ಪಿನ ಸತ್ಯಾಗ್ರಹದ ಬಂಧನದಲ್ಲಿ ಗಾಂಧೀಜಿ ಮತ್ತೆ ಯೆರವಡಾಕ್ಕೆ ಬಂದರು. ಆ ಸೆರೆವಾಸದ ಕಾಲದ ಪ್ರಯೋಗಗಳಿಂದ ರೂಪುಗೊಂಡದ್ದೇ ‘ಯೆರವಡಾ ಚಕ್ರ’. ಅಗಲವಾದ ಒಂದೇ ಗಾಲಿಯ ಬದಲು ಇದರಲ್ಲಿ ಎರಡು ಗಾಲಿಗಳು. ದೊಡ್ಡದು ಚಿಕ್ಕದನ್ನು ತಿರುಗಿಸುತ್ತದೆ, ಚಿಕ್ಕದು ಕದಿರನ್ನು ತಿರುಗಿಸುತ್ತದೆ. ವೇಗ ಎರಡು ಹಂತಗಳಲ್ಲಿ ಹೆಚ್ಚುತ್ತದೆ. ಮಡಿಸಿದರೆ ಎಲ್ಲವೂ ಒಂದು ಪೆಟ್ಟಿಗೆಯೊಳಗೆ.

ಅಲ್ಲಿ ಅವರ ಜೊತೆಗಿದ್ದವರು ಕಾಕಾ ಕಾಲೇಲಕರ್. ಸಾತಾರೆಯಲ್ಲಿ ಹುಟ್ಟಿ, ಕಾರವಾರ ಬೆಳಗಾವಿಗಳಲ್ಲಿ ಬೆಳೆದು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಅವರು ಕನ್ನಡ ನೆಲಕ್ಕೆ ದೂರದವರಲ್ಲ. 1937ರ ಅಕ್ಟೋಬರ್ 22 ಮತ್ತು 23ರಂದು ವರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಸೇರಿತು. ಅದು ನೇಮಿಸಿದ ಜಾಕಿರ್ ಹುಸೇನ್ ಸಮಿತಿಯಲ್ಲಿ ವಿನೋಬಾ, ಜೆ. ಸಿ. ಕುಮಾರಪ್ಪ ಮೊದಲಾದವರೊಡನೆ ಕಾಲೇಲಕರರೂ ಸದಸ್ಯರಾದರು.

ಡಿಸೆಂಬರಿನಲ್ಲಿ ಸಿದ್ಧವಾದ ಆ ಸಮಿತಿಯ ವರದಿಯೇ ನಮ್ಮಲ್ಲಿ ಮೂಲೋದ್ಯೋಗ ಶಿಕ್ಷಣವೆಂದು ಹೆಸರಾದ ನಯೀ ತಾಲೀಮಿನ ಬುನಾದಿ. ಏಳರಿಂದ ಹದಿನಾಲ್ಕರ ವಯಸ್ಸಿನವರೆಗೆ ಕಡ್ಡಾಯ ಶಿಕ್ಷಣ, ಮಾಧ್ಯಮ ತಾಯ್ನುಡಿ, ಐದೂವರೆ ಗಂಟೆಯ ಶಾಲಾದಿನದಲ್ಲಿ ಕಸುಬಿಗೆ 3 ಗಂಟೆ 20 ನಿಮಿಷ, ತಾಯ್ನುಡಿಗೆ 40 ನಿಮಿಷ. ಚಿಕ್ಕ ಮಕ್ಕಳ ಕೈಗೆ ಬಂದದ್ದು ತಕಲಿ. ನಾಲ್ಕು ಅಡಿಯ ಒಂದೊಂದು ಸುತ್ತಿನಂತೆ 160 ಸುತ್ತು ಎಣಿಸಿದರೆ 640 ಅಡಿ ನೂಲು. ಎಣಿಕೆಯೂ ಗುಣಾಕಾರವೂ ಇಲ್ಲಿ ಹಲಗೆಯ ಮೇಲಿನ ಸಂಗತಿಗಳಲ್ಲ. ನೂಲಿನ ನಂಬರೆಂದರೆ ಒಂದು ಪೌಂಡಿಗೆ 840 ಗಜದ ಎಷ್ಟು ಲಡಿಗಳು ಎಂಬ ಲೆಕ್ಕ. ಅಲ್ಲಿ ಉದ್ದ, ತೂಕ, ಪ್ರಮಾಣ ಮೂರೂ ಒಟ್ಟಿಗೆ ಬರುತ್ತವೆ. ಹತ್ತಿ ಬೆಳೆಯುವ ನೆಲ ಭೂಗೋಳ, ಬಟ್ಟೆಯ ವ್ಯಾಪಾರ ಇತಿಹಾಸ. ಎಳೆ ತುಂಡಾದರೆ ತಪ್ಪನ್ನು ಗುರುವಿಗಿಂತ ಮೊದಲು ಮಗುವೇ ಕಾಣುತ್ತದೆ.

ಮೌಲ್ಯಮಾಪನದ ಬಗೆಗೆ ಸಮಿತಿಯ ಮಾತು ಇನ್ನೂ ದಿಟ್ಟವಾದುದು. ರೂಢಿಯಲ್ಲಿದ್ದ ಪರೀಕ್ಷೆಯನ್ನು ಅದು ಶಿಕ್ಷಣಕ್ಕೆ ತಗುಲಿದ ಶಾಪವೆಂದೇ ಎಣಿಸಿತು. ಒಂದು ಪ್ರದೇಶದ ಶಾಲೆಗಳಿಂದ ಆಯ್ದ ಕೆಲವು ಮಕ್ಕಳ ಸಾಧನೆಯನ್ನು ಅಳೆದು ಶಾಲೆಯ ಕೆಲಸವನ್ನು ತೂಗಿ ನೋಡಿದರೆ ಸಾಕು ಎಂಬುದು ಅದರ ಸಲಹೆ. ಅಳತೆಗೆ ಗುರಿಯಾಗಬೇಕಾದುದು ವ್ಯವಸ್ಥೆ, ಒಂದೊಂದು ಮಗುವಲ್ಲ. ಇಂದು ದೇಶದಲ್ಲಿ ನಡೆಯುವ ಮಾದರಿ ಸಮೀಕ್ಷೆಗಳ ತರ್ಕವೂ ಇದೇ.

ಅಪಾಯವನ್ನು ಕಂಡವರೂ ಅಂದೇ ಇದ್ದರು. ಮಕ್ಕಳ ನೂಲಿನಿಂದಲೇ ಶಾಲೆಯ ಖರ್ಚು ಹೊರಡಬೇಕೆಂಬ ಗಾಂಧೀಜಿಯ ಆಸೆಯನ್ನು ಕೆ. ಟಿ. ಶಾ ವರ್ಧಾದಲ್ಲಿ ಪ್ರಶ್ನಿಸಿದರು. ಗಳಿಕೆಗೇ ಒತ್ತು ಬಿದ್ದರೆ ಗುರುಗಳು ಬಡಮಕ್ಕಳನ್ನು ದುಡಿಸುವ ಯಜಮಾನರಾದಾರು ಎಂದು ಸ್ವತಃ ಜಾಕಿರ್ ಹುಸೇನರೇ ಎಚ್ಚರಿಸಿದರು. ಅಳೆಯಲು ಸುಲಭವಾದುದೇ ಗುರಿಯಾಗಿಬಿಟ್ಟರೆ ಒಳ್ಳೆಯ ಉಪಕರಣವೂ ನೊಗವಾಗುತ್ತದೆ ಎಂಬುದು ಆ ಮಾತಿನ ತಿರುಳು.

ಮೂಲೋದ್ಯೋಗ ಶಿಕ್ಷಣದ ಮೊದಲ ಸಮ್ಮೇಳನ 1939ರ ಅಕ್ಟೋಬರಿನಲ್ಲಿ ನಮ್ಮ ಈ ಪುಣೆಯಲ್ಲಿಯೇ ನಡೆಯಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಿಗೆ ಧಾರವಾಡವು ಶಿಕ್ಷಕರ ತರಬೇತಿಯ ನೆಲೆಯಾಯಿತು. ಆದರೆ ಆ ಹೊತ್ತಿಗೇ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಡತೊಡಗಿದ್ದವು. 1942ರ ಚಳವಳಿ ಕಾರ್ಯಕರ್ತರನ್ನು ಸೆರೆಮನೆಗೆ ಕಳಿಸಿತು. ಸ್ವಾತಂತ್ರ್ಯದ ನಂತರ ಹೆಸರು ಹರಡಿತು, ಸತ್ವ ತೆಳುವಾಯಿತು. ನೂಲಿಗೂ ಲೆಕ್ಕಕ್ಕೂ ಗಂಟು ಹಾಕಬಲ್ಲ ಶಿಕ್ಷಕರು ಸಾಲಲಿಲ್ಲ. ಅಂಥವರಿಲ್ಲದೆಡೆ ತಕಲಿ ವೇಳಾಪಟ್ಟಿಯ ಒಂದು ಶಾಸ್ತ್ರವಾಯಿತು. ತಮ್ಮ ಮಕ್ಕಳಿಗೆ ಕಸುಬು, ಸಾಹುಕಾರರ ಮಕ್ಕಳಿಗೆ ಇಂಗ್ಲಿಷು ಎಂಬ ಶಂಕೆ ಹಳ್ಳಿಗರಲ್ಲಿ ಬೇರೂರಿತು. ಅದು ನಿರಾಧಾರವಾದುದೂ ಅಲ್ಲ. 1964–66ರ ಕೊಠಾರಿ ಆಯೋಗದ ವೇಳೆಗೆ ಅದರ ಜಾಗಕ್ಕೆ ‘ಕಾರ್ಯಾನುಭವ’ ಬಂದಿತು. ಪರೀಕ್ಷೆ ಮಾತ್ರ ಅಲುಗಾಡಲಿಲ್ಲ.

ಇಂದು ತರಗತಿಗೆ ಬಂದಿರುವ ಫಲಕಗಳನ್ನೂ ಮೊಬೈಲ್ ಪಾಠಗಳನ್ನೂ ತಕಲಿಯ ಎದುರು ನಿಲ್ಲಿಸಿ ಹಳೆಯದನ್ನು ಹಾಡಿಹೊಗಳುವುದು ನಮ್ಮ ಉದ್ದೇಶವಲ್ಲ. ಹೊರನಾಡಿನ ನಮ್ಮ ಮಕ್ಕಳಿಗೆ ಕನ್ನಡದ ಅಕ್ಷರ, ಧ್ವನಿ ಎರಡೂ ಹಲವು ವೇಳೆ ಆ ಫಲಕದ ಮೇಲೆಯೇ ದೊರೆಯುತ್ತಿವೆ. ಅದು ಸಣ್ಣ ಉಪಕಾರವಲ್ಲ. ಆದರೆ ಯೆರವಡಾದಿಂದ ವರ್ಧಾದವರೆಗಿನ ಈ ಚರಿತ್ರೆ ಮೂರು ಪ್ರಶ್ನೆಗಳನ್ನು ನಮ್ಮ ಮುಂದಿಡುತ್ತದೆ. ಈ ಉಪಕರಣದಲ್ಲಿ ಮಗು ಏನನ್ನಾದರೂ ಮಾಡುತ್ತದೆಯೋ, ಬರಿದೆ ಉತ್ತರ ಒತ್ತುತ್ತದೆಯೋ? ತನ್ನ ತಪ್ಪು ತನಗೇ ಕಾಣುತ್ತದೆಯೋ, ಅಂಕವಾಗಿ ಮಾತ್ರ ತಿಳಿಯುತ್ತದೆಯೋ? ಅಳತೆಯ ಫಲ ಮಗುವಿಗೆ ಸಲ್ಲುತ್ತದೆಯೋ, ಬೇರೆ ಯಾರಿಗೋ? ಯಂತ್ರ ಕೊಳ್ಳುವ ಮೊದಲು ಕೇಳಬೇಕಾದ ಈ ಪ್ರಶ್ನೆಗಳಿಗೆ ಯಂತ್ರವನ್ನು ಮಾರುವವರಿಂದ ಉತ್ತರ ನಿರೀಕ್ಷಿಸಲಾಗದು. ಅವು ಶಿಕ್ಷಕರಿಗೂ ತಂದೆತಾಯಿಗಳಿಗೂ ಸೇರಿದವು.