ಒಂದೇ ವಠಾರ, ಬೇರೆ ಬೇರೆ ಒಲೆ

ಗೀಡೋ ವಾನ್ ರೋಸಮ್ ಅವರು 1991ರಲ್ಲಿ ಹೊರತಂದ ಪೈಥಾನ್ ಭಾಷೆ ಬೆಳೆದಂತೆ, ಹೊರಗಿನಿಂದ ತರಿಸಿದ ಪೂರಕ ಪೊಟ್ಟಣಗಳೆಲ್ಲ ಗಣಕಯಂತ್ರದ ಒಂದೇ ಉಗ್ರಾಣಕ್ಕೆ ಸೇರತೊಡಗಿದವು. ತಕರಾರು ಹುಟ್ಟಿದ್ದು ಅಲ್ಲೇ. ಒಂದು ಯೋಜನೆಗೆ ಹಳೆಯ ಆವೃತ್ತಿ ಬೇಕು, ಇನ್ನೊಂದಕ್ಕೆ ಹೊಸದು. ಹೊಸದು ಬಂದರೆ ಹಳೆಯದು ಜಾಗ ಬಿಡಬೇಕು. ನಿನ್ನೆ ಓಡಿದ್ದು ಇಂದು ಮುಗ್ಗರಿಸುತ್ತಿತ್ತು. ಲಿನಕ್ಸ್ ಯಂತ್ರಗಳಲ್ಲಂತೂ ವ್ಯವಸ್ಥೆಯ ಸ್ವಂತ ಉಪಕರಣಗಳೇ ಆ ಉಗ್ರಾಣವನ್ನು ನಂಬಿರುತ್ತವೆ. ಅಲ್ಲಿ ಕೈಯಾಡಿಸುವುದು ಅಪಾಯವೇ ಸರಿ.

2007ರಲ್ಲಿ ಇಯಾನ್ ಬಿಕಿಂಗ್ ಅವರು 'ವರ್ಚುಯಲ್‌ಎನ್ವ್' ರಚಿಸಿ ಯೋಜನೆಗೊಂದು ಪ್ರತ್ಯೇಕ ಕೋಶ ಒದಗಿಸಿದರು. ವಠಾರದಲ್ಲಿ ಬಾವಿ ಒಂದೇ, ಒಲೆ ಬೇರೆ ಎಂದರೆ ನಮಗೆ ಬೇಗ ತಿಳಿದೀತು. ಕಾರ್ಲ್ ಮೇಯರ್ ಅವರ ಪ್ರಸ್ತಾವದಿಂದ 2012ರ ಪೈಥಾನ್ 3.3ರಲ್ಲಿ 'ವೆನ್ವ್' ಭಾಷೆಯ ಜೊತೆಗೇ ಬಂತು. ಮೂಲ ಪೈಥಾನ್ ಎಲ್ಲಿದೆಯೆಂದು ಒಂದು ಪುಟ್ಟ ಕಡತ ಹೇಳುತ್ತದೆ, ಅಷ್ಟೇ ಗುಟ್ಟು. ಇಷ್ಟು ಸರಳ ಏರ್ಪಾಡಿಗೆ ಇಪ್ಪತ್ತೊಂದು ವರ್ಷ ಹಿಡಿದದ್ದು ನಮಗೆ ಸೋಜಿಗ! 2023ರ ಡೆಬಿಯನ್ 12 ಇನ್ನೂ ಬಿಗಿ: ಮೂಲ ಉಗ್ರಾಣಕ್ಕೆ 'ಪಿಪ್' ಮೂಲಕ ಏನನ್ನಾದರೂ ತುಂಬಹೊರಟರೆ ತಡೆಯುತ್ತದೆ.

ಈ ಕೋಶವನ್ನು ಇದ್ದಂತೆಯೇ ಬೇರೆ ಯಂತ್ರಕ್ಕೆ ಹೊತ್ತೊಯ್ಯಲಾಗದು. ಹಳೆಯ ವಿಳಾಸಗಳು ಅದರೊಳಗೇ ಬರೆದಿರುತ್ತವೆ. ಪೊಟ್ಟಣಗಳ ಹೆಸರು, ಆವೃತ್ತಿಗಳ ಪಟ್ಟಿಯನ್ನು ಮಾತ್ರ ಒಯ್ದು, ಹೊಸ ಜಾಗದಲ್ಲಿ ಮತ್ತೆ ಒಲೆ ಹೂಡಬೇಕು.