ಮಲೇಷ್ಯಾದ ಸೆಪಾಂಗ್ ಮೋಟಾರ್‌ಸೈಕಲ್ ಪಂದ್ಯಕ್ಕೆ ದೀರ್ಘ ವಾರಾಂತ್ಯದ ಪ್ರಯಾಣ: ಟೇಕಲ್ ಹೋಬಳಿಯ ನಾಗರಿಕರಿಗೆ ಮಾಹಿತಿ

ಕೋಲಾರ ಜಿಲ್ಲೆಯಲ್ಲಿ ದ್ವಿಚಕ್ರ ವಾಹನವು ಸಂಚಾರದ ಸಾಧನ ಮಾತ್ರವಲ್ಲ, ಅನೇಕ ಕುಟುಂಬಗಳ ಜೀವನೋಪಾಯವೂ ಆಗಿದೆ. ನರಸಾಪುರದಲ್ಲಿ 2013ರಲ್ಲಿ ಹೋಂಡಾ ಸಂಸ್ಥೆಯ ಮೋಟಾರ್‌ಸೈಕಲ್ ಮತ್ತು ಸ್ಕೂಟರ್ ಕಾರ್ಖಾನೆ ಆರಂಭವಾಯಿತು. ಇಂತಹ ಜಿಲ್ಲೆಯ ಯುವಜನರು ವಿಶ್ವ ಮಟ್ಟದ ಮೋಟೊಜಿಪಿ ಪಂದ್ಯವನ್ನು ಕಣ್ಣಾರೆ ಕಾಣಲು ಬಯಸುವುದು ಸಹಜ. ಭಾರತದಲ್ಲಿ ಈ ಪಂದ್ಯ ನಡೆದಿರುವುದು ಒಮ್ಮೆ ಮಾತ್ರ, 2023ರ ಸೆಪ್ಟೆಂಬರ್‌ನಲ್ಲಿ, ಗ್ರೇಟರ್ ನೊಯ್ಡಾದ ಬುದ್ಧ್ ಅಂತರರಾಷ್ಟ್ರೀಯ ಸರ್ಕ್ಯೂಟ್‌ನಲ್ಲಿ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು 4 ಗಂಟೆಗಳಲ್ಲಿ ತಲುಪಬಹುದಾದ ಕ್ವಾಲಾಲಂಪುರದ ಸಮೀಪವಿರುವ ಸೆಪಾಂಗ್, ಈ ಭಾಗದವರಿಗೆ ಅನುಕೂಲಕರವಾದ ಪಂದ್ಯಸ್ಥಳಗಳಲ್ಲಿ ಒಂದಾಗಿದೆ.

ಸೆಪಾಂಗ್ ಪಂದ್ಯವು ಸಾಮಾನ್ಯವಾಗಿ ಅಕ್ಟೋಬರ್ ಕೊನೆಯ ಅಥವಾ ನವೆಂಬರ್ ಮೊದಲ ವಾರದಲ್ಲಿ, ಅಂದರೆ ದೀಪಾವಳಿ ಮತ್ತು ಕನ್ನಡ ರಾಜ್ಯೋತ್ಸವದ ಆಸುಪಾಸಿನಲ್ಲಿ ಬರುತ್ತದೆ. 2024ರಲ್ಲಿ ಅಕ್ಟೋಬರ್ 31ರ ನರಕ ಚತುರ್ದಶಿ, ನವೆಂಬರ್ 1ರ ರಾಜ್ಯೋತ್ಸವ, 2ರ ಬಲಿಪಾಡ್ಯಮಿ ಹಾಗೂ 3ರ ಭಾನುವಾರ ಒಟ್ಟಾಗಿ ನಾಲ್ಕು ದಿನಗಳ ರಜೆ ದೊರೆತಿತ್ತು. ಪಂದ್ಯವು ಅದೇ ಭಾನುವಾರ ನಡೆಯಿತು. ಹಬ್ಬದ ದಿನ ಮನೆಯಲ್ಲಿರದಿರುವ ಬಗ್ಗೆ ಹಿರಿಯರ ಒಪ್ಪಿಗೆ ಪಡೆಯುವುದು ಅರ್ಜಿದಾರರಿಗೆ ಬಿಟ್ಟ ವಿಷಯ.

ಪಂದ್ಯದ ಟಿಕೆಟ್ಟು ಮೊದಲಲ್ಲ

ಅನೇಕರು ಪಂದ್ಯದ ಟಿಕೆಟ್ಟನ್ನೂ ಕಡಿಮೆ ದರದ ವಿಮಾನ ಟಿಕೆಟ್ಟನ್ನೂ ಖರೀದಿಸಿದ ನಂತರ ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತಾರೆ. ಇದು ಕ್ರಮ ತಪ್ಪಿದ ಯೋಜನೆ. ಕಡಿಮೆ ದರದ ವಿಮಾನ ಟಿಕೆಟ್ಟುಗಳ ಹಣ ಬಹುತೇಕ ಹಿಂದಿರುಗುವುದಿಲ್ಲ. ದಾಖಲೆಯ ವಿಳಂಬಕ್ಕೆ ದೊಡ್ಡವರೂ ಹೊರತಲ್ಲ: 2023ರ ಭಾರತದ ಪಂದ್ಯಕ್ಕೆ ಬರಬೇಕಿದ್ದ ಹಲವು ತಂಡಗಳ ಸಿಬ್ಬಂದಿ ಮತ್ತು ಸವಾರರು, ಆಗ ಹೋಂಡಾ ಪರ ಸ್ಪರ್ಧಿಸುತ್ತಿದ್ದ ಮಾರ್ಕ್ ಮಾರ್ಕೆಜ್ ಸೇರಿದಂತೆ, ಭಾರತದ ವೀಸಾ ಸಕಾಲದಲ್ಲಿ ದೊರೆಯದೆ ತಡವಾಗಿ ಹೊರಡಬೇಕಾಯಿತು. ಆದ್ದರಿಂದ ಪಂದ್ಯದ ಭಾನುವಾರದಿಂದ ಹಿಂದಕ್ಕೆ ಎಣಿಸಿ, ಕನಿಷ್ಠ ಮೂರು ತಿಂಗಳು ಮುಂಚಿತವಾಗಿ ಪಾಸ್‌ಪೋರ್ಟ್ ಅರ್ಜಿ ಸಲ್ಲಿಸತಕ್ಕದ್ದು.

ಕೋಲಾರ ಜಿಲ್ಲೆಯು ಬೆಂಗಳೂರು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಒಳಪಟ್ಟಿದೆ. ಅರ್ಜಿಯನ್ನು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಭರ್ತಿ ಮಾಡಿ, ಶುಲ್ಕ ಪಾವತಿಸಿ, ಕೇಂದ್ರಕ್ಕೆ ಹಾಜರಾಗುವ ದಿನಾಂಕವನ್ನು ಪಡೆಯಬೇಕು. ಬೆಂಗಳೂರಿನಲ್ಲಿ ಲಾಲ್‌ಬಾಗ್ ರಸ್ತೆ ಮತ್ತು ಮಾರತ್ತಹಳ್ಳಿಯಲ್ಲಿ ಸೇವಾ ಕೇಂದ್ರಗಳಿವೆ. ವಯಸ್ಕರಿಗೆ 36 ಪುಟಗಳ, 10 ವರ್ಷ ಅವಧಿಯ ಪಾಸ್‌ಪೋರ್ಟಿಗೆ ಸಾಮಾನ್ಯ ಶುಲ್ಕ ರೂ. 1,500, ತತ್ಕಾಲ್ ಯೋಜನೆಯಲ್ಲಿ ಹೆಚ್ಚುವರಿಯಾಗಿ ರೂ. 2,000. ಅಧಿಕೃತ ಜಾಲತಾಣದ ಹೆಸರಿನಲ್ಲಿ ‘ಜಿಒವಿ ಡಾಟ್ ಇನ್’ ಇರುತ್ತದೆ. ಅದನ್ನು ಹೋಲುವ ಖಾಸಗಿ ತಾಣಗಳಲ್ಲಿ ಹೆಚ್ಚಿನ ಹಣ ತೆತ್ತವರು ಅನೇಕರಿರುವುದರಿಂದ ಇದನ್ನು ಪರಿಶೀಲಿಸಿಕೊಳ್ಳುವುದು.

ಹೆಸರು ಮತ್ತು ವಿಳಾಸ

ಈ ಭಾಗದ ಅರ್ಜಿಗಳಲ್ಲಿ ತೊಡಕು ಉಂಟಾಗುವುದು ಹೆಚ್ಚಾಗಿ ಹೆಸರಿನಿಂದ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಊರಿನ ಅಥವಾ ತಂದೆಯ ಹೆಸರಿನ ಮೊದಲ ಅಕ್ಷರ ಇರುತ್ತದೆ. ಆಧಾರ್‌ನಲ್ಲಿ ಅದು ಹೆಸರಿನ ಕೊನೆಗೆ ಹೋಗಿರುತ್ತದೆ ಅಥವಾ ಇರುವುದೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗಳಿಗೆ ಅವಕಾಶವಿಲ್ಲ, ಪೂರ್ಣವಾಗಿ ವಿಸ್ತರಿಸಿ ಬರೆಯಬೇಕು. ಊರಿನ ಹೆಸರೂ ಇದೇ ಬಗೆಯದು: ಕಂದಾಯ ದಾಖಲೆಗಳಲ್ಲಿ ‘ಟೇಕಲ್’ ಎಂದಿದ್ದರೆ, ರೈಲ್ವೆ ನಿಲ್ದಾಣದ ಇಂಗ್ಲಿಷ್ ಹೆಸರು ‘ತ್ಯಾಕಲ್’ ಎಂದು ಓದುವಂತಿದೆ. ವಿಳಾಸದ ಪುರಾವೆಯಲ್ಲಿ ಯಾವ ಕಾಗುಣಿತವಿದೆಯೋ ಅದನ್ನೇ ಅರ್ಜಿಯಲ್ಲಿ ಬಳಸತಕ್ಕದ್ದು. ಆಧಾರ್ ತಿದ್ದುಪಡಿ ಅಥವಾ ಜನನ ಪ್ರಮಾಣಪತ್ರದ ಅಗತ್ಯವಿದ್ದಲ್ಲಿ ಮೊದಲು ಅದನ್ನು ಮುಗಿಸಿಕೊಂಡು ನಂತರ ಪಾಸ್‌ಪೋರ್ಟ್ ಅರ್ಜಿ ಸಲ್ಲಿಸುವುದು ಲೇಸು. 2023ರ ಅಕ್ಟೋಬರ್ 1ರಂದು ಅಥವಾ ಆನಂತರ ಜನಿಸಿದ ಮಕ್ಕಳಿಗೆ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರ ಮಾತ್ರ ಅಂಗೀಕೃತ.

ಪೊಲೀಸ್ ಪರಿಶೀಲನೆಯು ಅರ್ಜಿಯಲ್ಲಿ ನೀಡಿದ ಹಾಲಿ ವಾಸದ ವಿಳಾಸದಲ್ಲಿ ನಡೆಯುತ್ತದೆ. ನರಸಾಪುರ, ವೇಮಗಲ್ ಅಥವಾ ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಬಾಡಿಗೆ ಕೊಠಡಿಯಲ್ಲಿದ್ದು ಪಾಳಿ ಕೆಲಸ ಮಾಡುವವರು ಊರಿನ ವಿಳಾಸ ಕೊಟ್ಟಲ್ಲಿ, ಪರಿಶೀಲನೆಯ ವೇಳೆ ಅವರು ಅಲ್ಲಿರುವುದಿಲ್ಲ. ವರದಿ ಪ್ರತಿಕೂಲವಾಗಿ ಕಡತ ನಿಲ್ಲುತ್ತದೆ. ನಿಜವಾಗಿ ವಾಸಿಸುವ ವಿಳಾಸವನ್ನೇ ನೀಡಬೇಕು. ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ಬಾಕಿಯಿದ್ದಲ್ಲಿ ಅದನ್ನು ಮರೆಮಾಚುವಂತಿಲ್ಲ. ಸುಳ್ಳು ಮಾಹಿತಿ ನೀಡುವುದು 1967ರ ಪಾಸ್‌ಪೋರ್ಟ್ ಅಧಿನಿಯಮದಡಿ ಅಪರಾಧ. ಸರ್ಕಾರಿ ನೌಕರರು ಪಾಸ್‌ಪೋರ್ಟಿಗೆ ಮಾತ್ರವಲ್ಲದೆ ವಿದೇಶ ಪ್ರಯಾಣಕ್ಕೂ ತಮ್ಮ ಇಲಾಖೆಯ ನಿಯಮದಂತೆ ಪೂರ್ವಾನುಮತಿ ಪಡೆಯತಕ್ಕದ್ದು.

ಎಸ್‌ಎಸ್‌ಎಲ್‌ಸಿ ಉತ್ತೀರ್ಣರಾಗದವರ ಗಮನಕ್ಕೆ

ಎಸ್‌ಎಸ್‌ಎಲ್‌ಸಿ ಉತ್ತೀರ್ಣರಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ವಲಸೆ ಪರಿಶೀಲನೆ ಅಗತ್ಯವೆಂಬ ‘ಇಸಿಆರ್’ ಮುದ್ರೆ ಬೀಳುತ್ತದೆ. ಆದಾಯ ತೆರಿಗೆ ಪಾವತಿದಾರರು ಹಾಗೂ 50 ವರ್ಷ ಮೀರಿದವರಿಗೆ ವಿನಾಯಿತಿಯಿದೆ. ಇಂತಹ ಪಾಸ್‌ಪೋರ್ಟ್ ಹೊಂದಿದವರು ಉದ್ಯೋಗಕ್ಕಾಗಿ ಹೋಗುವಾಗ ವಲಸೆ ಅನುಮತಿ ಪಡೆಯಬೇಕಾದ 18 ದೇಶಗಳ ಪಟ್ಟಿಯಲ್ಲಿ ಮಲೇಷ್ಯಾ ಸೇರಿದೆ. ಪ್ರವಾಸಿಗೆ ಈ ಅನುಮತಿ ಬೇಕಿಲ್ಲ. ಆದರೂ ವಿಮಾನ ನಿಲ್ದಾಣದಲ್ಲಿ ಪ್ರಶ್ನೆಗಳು ಬರಬಹುದಾದ್ದರಿಂದ ಹಿಂದಿರುಗುವ ಟಿಕೆಟ್ಟು, ಪಂದ್ಯದ ಟಿಕೆಟ್ಟು, ವಸತಿಯ ದಾಖಲೆ ಹಾಗೂ ಕಾರ್ಖಾನೆಯ ರಜೆ ಪತ್ರದ ಮುದ್ರಿತ ಪ್ರತಿಗಳನ್ನು ಕೈಯಲ್ಲಿಟ್ಟುಕೊಳ್ಳುವುದು. ‘ಪಂದ್ಯ ನೋಡಲು ಹೋಗಿ ಅಲ್ಲಿಯೇ ಕೆಲಸಕ್ಕೆ ಸೇರಬಹುದು’ ಎನ್ನುವ ಮಧ್ಯವರ್ತಿಗಳ ಮಾತನ್ನು ನಂಬಬಾರದು. ಪ್ರವಾಸಿಯಾಗಿ ಪ್ರವೇಶಿಸಿ ಉದ್ಯೋಗ ಮಾಡುವುದು ಆ ದೇಶದಲ್ಲಿ ಅಪರಾಧವಾಗಿದ್ದು, ಬಂಧನ ಮತ್ತು ಗಡೀಪಾರಿಗೆ ಗುರಿಯಾಗಬೇಕಾಗುತ್ತದೆ.

ಮಲೇಷ್ಯಾ ಪ್ರವೇಶ

ಭಾರತೀಯರಿಗೆ 30 ದಿನಗಳವರೆಗಿನ ಭೇಟಿಗೆ 2023ರ ಡಿಸೆಂಬರ್ 1ರಿಂದ ಮಲೇಷ್ಯಾ ವೀಸಾ ವಿನಾಯಿತಿ ನೀಡಿದ್ದು, ಇದನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿದೆ. ಪ್ರಯಾಣ ನಿಗದಿಪಡಿಸುವಾಗ ಈ ಸೌಲಭ್ಯದ ಅವಧಿಯನ್ನು ಮತ್ತೊಮ್ಮೆ ಖಚಿತಪಡಿಸಿಕೊಳ್ಳುವುದು. ಪಾಸ್‌ಪೋರ್ಟಿನ ಅವಧಿ ಕನಿಷ್ಠ 6 ತಿಂಗಳು ಉಳಿದಿರಬೇಕು. ತಲುಪುವ ಮುಂಚಿನ 3 ದಿನಗಳೊಳಗೆ ಮಲೇಷ್ಯಾದ ಡಿಜಿಟಲ್ ಆಗಮನ ಪತ್ರವನ್ನು ಅಲ್ಲಿನ ವಲಸೆ ಇಲಾಖೆಯ ಜಾಲತಾಣದಲ್ಲಿ ಭರ್ತಿ ಮಾಡಬೇಕು. ಇದು ಉಚಿತ, ಹಣ ಕೇಳುವ ತಾಣ ಅಧಿಕೃತವಲ್ಲ. ವೀಸಾ ವಿನಾಯಿತಿಯೆಂದರೆ ಪ್ರವೇಶದ ಖಾತರಿಯಲ್ಲ, ಅಂತಿಮ ನಿರ್ಧಾರ ಅಲ್ಲಿನ ವಲಸೆ ಅಧಿಕಾರಿಯದು.

ಹಣ

ಭಾರತದ ನಗದನ್ನು ರೂ. 25,000ದವರೆಗೆ ಮಾತ್ರ ಹೊರಗೆ ಒಯ್ಯಬಹುದು. ಮಲೇಷ್ಯಾದ ನಾಣ್ಯ ರಿಂಗಿಟ್. ಇದನ್ನು ಅಧಿಕೃತ ವಿನಿಮಯದಾರರಿಂದಲೇ ಪಡೆದು ರಸೀದಿ ಇಟ್ಟುಕೊಳ್ಳಬೇಕು. ಪ್ಯಾಕೇಜ್ ಪ್ರವಾಸ ಖರೀದಿಸಿದಲ್ಲಿ ಮೂಲದಲ್ಲಿಯೇ ತೆರಿಗೆ ಸಂಗ್ರಹಿಸಲಾಗುತ್ತದೆ, ಪ್ಯಾನ್ ಅಗತ್ಯ. ಈ ಮೊತ್ತವನ್ನು ಆದಾಯ ತೆರಿಗೆ ವಿವರಪಟ್ಟಿಯಲ್ಲಿ ಹೊಂದಿಸಿಕೊಳ್ಳಬಹುದು. ಚೀಟಿಯ ಅಥವಾ ಸಂಘದ ಸಾಲದ ಹಣದಿಂದ ಹೊರಡುವವರು, ಪ್ರಯಾಣ ರದ್ದಾದರೂ ಕಂತು ರದ್ದಾಗುವುದಿಲ್ಲವೆಂಬುದನ್ನು ಗಮನಿಸುವುದು.

ಟೇಕಲ್‌ನಿಂದ ಪಂದ್ಯಸ್ಥಳದವರೆಗೆ

ಟೇಕಲ್ ನಿಲ್ದಾಣವು ಮಾಲೂರು ಮತ್ತು ಬಂಗಾರಪೇಟೆಯ ನಡುವೆ ಬೆಂಗಳೂರು–ಚೆನ್ನೈ ಮಾರ್ಗದಲ್ಲಿದೆ. ಎಲ್ಲ ರೈಲುಗಳೂ ಇಲ್ಲಿ ನಿಲ್ಲುವುದಿಲ್ಲ. ಪ್ಯಾಸೆಂಜರ್ ಅಥವಾ ಮೆಮು ರೈಲಿನಲ್ಲಿ ಕೃಷ್ಣರಾಜಪುರಕ್ಕೆ ಬಂದು, ಅಲ್ಲಿಂದ ರಸ್ತೆ ಮೂಲಕ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತಲುಪಬಹುದು. ವಿಮಾನ ಹೊರಡುವ 3 ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ಮಧ್ಯರಾತ್ರಿಯ ವಿಮಾನವಾದಲ್ಲಿ ಸಂಜೆಯ ರೈಲನ್ನೇ ಹಿಡಿಯುವುದು ಕ್ಷೇಮ.

ಗುರುವಾರ ರಾತ್ರಿ ಹೊರಟವರು ಶುಕ್ರವಾರದ ಅಭ್ಯಾಸ, ಶನಿವಾರದ ಅರ್ಹತಾ ಸುತ್ತು ಮತ್ತು 2023ರಿಂದ ಸೇರ್ಪಡೆಯಾದ ಕಿರು ಓಟ ಹಾಗೂ ಭಾನುವಾರದ ಮುಖ್ಯ ಪಂದ್ಯವನ್ನು ವೀಕ್ಷಿಸಬಹುದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುತ್ತದೆ. ಸರ್ಕ್ಯೂಟ್ ಇರುವುದು ಕ್ವಾಲಾಲಂಪುರ ನಗರದೊಳಗಲ್ಲ, ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಸಮೀಪದಲ್ಲಿ. ವಸತಿಯನ್ನು ನಗರಕ್ಕಿಂತ ನಿಲ್ದಾಣದ ಕಡೆ ಪಡೆದಲ್ಲಿ ಸಮಯ ಉಳಿಯುತ್ತದೆ. 1999ರಲ್ಲಿ ಆರಂಭವಾದ ಈ ಪಥದ ಸುತ್ತಳತೆ 5.543 ಕಿ.ಮೀ., ತಿರುವುಗಳು 15. ಮುಖ್ಯ ಪ್ರೇಕ್ಷಕರ ಕಟ್ಟಡವು ಎರಡು ನೇರ ಪಥಗಳ ನಡುವೆ ನಿಂತಿದ್ದು ಎರಡೂ ಬದಿಗೆ ಆಸನಗಳಿವೆ. ಹುಲ್ಲಿನ ದಿಬ್ಬದ ಟಿಕೆಟ್ಟು ಅಗ್ಗವಾದರೂ ನೆರಳಿಲ್ಲ. ಮಧ್ಯಾಹ್ನದ ಗುಡುಗು ಮಳೆ ಅಲ್ಲಿ ಸಾಮಾನ್ಯ, 2012ರ ಪಂದ್ಯವನ್ನು ಮಳೆಯಿಂದಾಗಿ ಅರ್ಧದಲ್ಲೇ ನಿಲ್ಲಿಸಲಾಗಿತ್ತು. ಮಳೆ ಅಂಗಿ ಮತ್ತು ಕಿವಿಗೆ ಹತ್ತಿ ಅಥವಾ ಇಯರ್‌ಪ್ಲಗ್ ಒಯ್ಯುವುದು. ಮಕ್ಕಳಿದ್ದಲ್ಲಿ ಕಿವಿಯ ರಕ್ಷಣೆ ಕಡ್ಡಾಯವೆಂದೇ ಭಾವಿಸತಕ್ಕದ್ದು.

ಅಲ್ಲಿ ಬಾಡಿಗೆ ಬೈಕು ಓಡಿಸಲು ಇಚ್ಛಿಸುವವರು ಊರಿನ ಚಾಲನಾ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಅನುಮತಿಯನ್ನು ಕೋಲಾರದ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯಿಂದ ಪಡೆಯಬೇಕು. ಇದರ ಅವಧಿ 1 ವರ್ಷ. ಪರವಾನಗಿಯಿಲ್ಲದೆ ಓಡಿಸುವಾಗ ಅಪಘಾತವಾದಲ್ಲಿ ಪ್ರವಾಸ ವಿಮೆ ಸಾಮಾನ್ಯವಾಗಿ ದೊರೆಯುವುದಿಲ್ಲ.

ಪಂದ್ಯ ಮುಗಿದ ಸಂಜೆಯೇ ಹಿಂದಿರುಗುವ ವಿಮಾನ ಕಾದಿರಿಸುವುದು ಸಾಧ್ಯವಾದರೂ ಸಲಹೆಗೆ ಯೋಗ್ಯವಲ್ಲ. ಸಾವಿರಾರು ವಾಹನಗಳು ಒಮ್ಮೆಗೇ ಹೊರಡುವುದರಿಂದ ಹತ್ತಿರದ ನಿಲ್ದಾಣವೂ ದೂರವಾಗುತ್ತದೆ. ಸೋಮವಾರ ಒಂದು ದಿನದ ಹೆಚ್ಚುವರಿ ರಜೆ ಮಂಜೂರು ಮಾಡಿಸಿಕೊಳ್ಳುವುದು.

ಪಾಸ್‌ಪೋರ್ಟ್ ಕಳೆದುಹೋದಲ್ಲಿ ಮೊದಲು ಸ್ಥಳೀಯ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಅದರ ಪ್ರತಿಯೊಂದಿಗೆ ಕ್ವಾಲಾಲಂಪುರದ ಭಾರತೀಯ ಹೈಕಮಿಷನ್ ಕಚೇರಿಗೆ ಹಾಜರಾಗಬೇಕು. ಊರಿಗೆ ಮರಳಲು ಅಲ್ಲಿ ತುರ್ತು ಪ್ರಮಾಣಪತ್ರ ನೀಡಲಾಗುತ್ತದೆ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ ನೆರಳಚ್ಚು ಪ್ರತಿಯನ್ನು ಮನೆಯಲ್ಲಿ ಒಬ್ಬರ ಬಳಿ ಕೊಟ್ಟು ಹೊರಡುವುದು.